ಐಪಿ ಪಿನ್ ಮನೆಯಲ್ಲಿ ಒಬ್ಬರಿಗಿದ್ದರೆ ಸಾಲದು

(ಅಮೆರಿಕದ ಕನ್ನಡ ಕೂಟವೊಂದರಲ್ಲಿ ಟ್ಯಾಕ್ಸ್ ಸೀಸನ್ ಶುರುವಾಗುವ ಹೊತ್ತಿಗೆ ಮಾಡಿದ ಮಾತಿನ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ. ಟ್ಯಾಕ್ಸ್ ಬಗ್ಗೆ ಮಾತಾಡುವವರನ್ನು ಊಟಕ್ಕೆ ಮುಂಚೆಯೇ ನಿಲ್ಲಿಸಿದ್ದಾರೆ. ಊಟದ ನಂತರ ಇಟ್ಟಿದ್ದರೆ ಅರ್ಧ ಜನ ಪಾರ್ಕಿಂಗ್ ಲಾಟ್‌ನಲ್ಲಿ ಇರುತ್ತಿದ್ದಿರಿ ಅನ್ನುವುದು ಸಂಘಟಕರಿಗೆ ಗೊತ್ತು. ಬಿಸಿಬೇಳೆಬಾತ್ ಆರುವುದರೊಳಗೆ ಮುಗಿಸುತ್ತೇನೆ.

ಕಳೆದ ವರ್ಷ ಫೈಲ್ ಮಾಡಿದ ಟ್ಯಾಕ್ಸ್ ರಿಟರ್ನ್, ಅಂದರೆ ಫಾರ್ಮ್ 1040, ನಿಮ್ಮ ಫೋನಿನಲ್ಲಿ ಇದ್ದರೆ ತೆಗೆಯಿರಿ. ಎರಡನೇ ಪುಟದ ಕೆಳಗೆ ಬನ್ನಿ. ಸಹಿ ಮಾಡುವ ಜಾಗ, ತಾರೀಖು, ಉದ್ಯೋಗ, ಆಮೇಲೆ ಬಲಗಡೆ ಆರು ಪುಟ್ಟ ಚೌಕಗಳು. ಐಆರ್‌ಎಸ್, ಅಂದರೆ ಇಲ್ಲಿನ ಕೇಂದ್ರ ತೆರಿಗೆ ಇಲಾಖೆ, ನಿಮಗೆ ಐಡೆಂಟಿಟಿ ಪ್ರೊಟೆಕ್ಷನ್ ಪಿನ್ (ಐಪಿ ಪಿನ್) ಕೊಟ್ಟಿದ್ದರೆ ಇಲ್ಲಿ ಬರೆಯಿರಿ ಅಂತ ಸಣ್ಣ ಅಕ್ಷರದಲ್ಲಿದೆ. ಅದರ ಕೆಳಗಿನ ಸಾಲು ಗಂಡನದೋ ಹೆಂಡತಿಯದೋ, ಅಲ್ಲೂ ಆರು ಚೌಕ. ಇಲ್ಲಿ ಕೂತಿರುವ ಬಹುಪಾಲು ಜನರ ರಿಟರ್ನ್‌ನಲ್ಲಿ ಹನ್ನೆರಡೂ ಖಾಲಿ ಇರುತ್ತವೆ ಅಂತ ನನ್ನ ಅಂದಾಜು. ಇವತ್ತಿನ ಮಾತು ಆ ಹನ್ನೆರಡು ಚೌಕಗಳ ಬಗ್ಗೆ.

ಐಪಿ ಪಿನ್ ಅಂದರೆ ಆರು ಅಂಕಿಯ ಒಂದು ಸಂಖ್ಯೆ. ಐಆರ್‌ಎಸ್ ಕೊಡುತ್ತದೆ, ಒಂದು ಕ್ಯಾಲೆಂಡರ್ ವರ್ಷಕ್ಕೆ ಮಾತ್ರ ನಡೆಯುತ್ತದೆ, ಮುಂದಿನ ವರ್ಷ ಬೇರೆ ಸಂಖ್ಯೆ. ನಿಮ್ಮ ಸೋಶಿಯಲ್ ಸೆಕ್ಯೂರಿಟಿ ನಂಬರಿಗೆ (ಎಸ್‌ಎಸ್‌ಎನ್) ಒಮ್ಮೆ ಇದು ಅಂಟಿಕೊಂಡಿತೆಂದರೆ, ಇದಿಲ್ಲದೆ ಆ ನಂಬರಿನಲ್ಲಿ ಯಾರು ಇ-ಫೈಲ್ ಮಾಡಿದರೂ ರಿಟರ್ನ್ ವಾಪಸ್ ಬರುತ್ತದೆ. ಕಳ್ಳ ಮಾಡಿದರೂ ವಾಪಸ್, ನೀವು ಮರೆತು ಮಾಡಿದರೂ ವಾಪಸ್. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಅದಕ್ಕೆ ಮತ್ತೆ ಬರುತ್ತೇನೆ.

ಎಸ್‌ಎಸ್‌ಎನ್ ಇರುವಾಗ ಇನ್ನೊಂದು ನಂಬರ್ ಯಾಕೆ ಬೇಕು? ಯಾಕೆಂದರೆ ಎಸ್‌ಎಸ್‌ಎನ್ ಗುಟ್ಟಾಗಿರಬೇಕು ಅಂತ ಯಾರೂ ಅದನ್ನು ಮಾಡಿದ್ದಲ್ಲ. 1936ರಲ್ಲಿ ಅದು ಶುರುವಾದದ್ದು ಕೆಲಸಗಾರರ ಸಂಪಾದನೆಯ ಲೆಕ್ಕ ಇಡಲಿಕ್ಕೆ. 1946ರಿಂದ 1972ರವರೆಗೆ ಕೊಟ್ಟ ಕಾರ್ಡುಗಳ ಮೇಲೆ ಇದು ಗುರುತಿನ ಚೀಟಿ ಅಲ್ಲ ಎಂದು ಅಚ್ಚಾಗಿಯೇ ಇತ್ತು. 1962ರಲ್ಲಿ ಐಆರ್‌ಎಸ್ ಅದನ್ನೇ ತೆರಿಗೆದಾರರ ನಂಬರ್ ಮಾಡಿಕೊಂಡಿತು. ಆಮೇಲೆ ಬ್ಯಾಂಕು, ಬಾಡಿಗೆ ಮನೆ, ಆಸ್ಪತ್ರೆ, ಇನ್ಶೂರೆನ್ಸ್ ಎಲ್ಲರೂ ಕೇಳತೊಡಗಿದರು. ನಾವು ಈ ದೇಶಕ್ಕೆ ಬಂದು ಇಳಿದ ಮೊದಲ ಕೆಲವು ವಾರಗಳಲ್ಲಿ ಆ ಒಂಬತ್ತು ಅಂಕಿಗಳನ್ನು ಎಷ್ಟು ಕಾಗದದ ಮೇಲೆ ಬರೆದುಕೊಟ್ಟಿದ್ದೇವೆ ಅಂತ ಲೆಕ್ಕ ಇಟ್ಟವರು ಯಾರಾದರೂ ಇದ್ದಾರಾ?

ನೀವು ಜೋಪಾನ ಮಾಡಿದ್ದರೂ ಬೇರೆಯವರು ಮಾಡಿಲ್ಲ. 2015ರಲ್ಲಿ ಆ್ಯಂಥಮ್ ಹೆಲ್ತ್ ಇನ್ಶೂರೆನ್ಸ್ ಕಂಪನಿಯಿಂದ ಸುಮಾರು 8 ಕೋಟಿ ಜನರ ವಿವರ ಹೋಯಿತು. 2017ರಲ್ಲಿ ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್ ಕಂಪನಿಯಿಂದ ಹೋದದ್ದು 14 ಕೋಟಿಗೂ ಮೇಲೆ. ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎನ್ ಮೂರೂ ಒಟ್ಟಿಗೆ. ಹಾಗಾಗಿ ನನ್ನ ಸಲಹೆ ನೇರ: ನಿಮ್ಮ ಎಸ್‌ಎಸ್‌ಎನ್ ಈಗಾಗಲೇ ಎಲ್ಲೋ ಮಾರಾಟಕ್ಕಿದೆ ಅಂತಲೇ ಇಟ್ಟುಕೊಂಡು ಮುಂದಿನದನ್ನು ಯೋಚಿಸಿ.

ಅದು ಸಿಕ್ಕವನು ಏನು ಮಾಡುತ್ತಾನೆ? ಜನವರಿ ಕೊನೆಗೆ ಐಆರ್‌ಎಸ್ ರಿಟರ್ನ್ ತೆಗೆದುಕೊಳ್ಳಲು ಶುರು ಮಾಡುತ್ತದೆ. ನಿಮ್ಮ ಕಂಪನಿ ನಿಮಗೆ ವರ್ಷದ ಸಂಬಳ, ಹಿಡಿದ ತೆರಿಗೆಯ ಲೆಕ್ಕವಿರುವ ಡಬ್ಲ್ಯೂ-2 ಕೊಡಲು ಜನವರಿ 31ರವರೆಗೆ ಸಮಯವಿದೆ. ಕಳ್ಳನಿಗೆ ಡಬ್ಲ್ಯೂ-2 ಬೇಕಿಲ್ಲ, ಅವನದನ್ನು ಅವನೇ ಬರೆದುಕೊಳ್ಳುತ್ತಾನೆ. ನಿಮ್ಮ ಹೆಸರಿನಲ್ಲಿ ಇಷ್ಟು ಸಂಬಳ, ಇಷ್ಟು ತೆರಿಗೆ ಹಿಡಿದಿದ್ದಾರೆ, ಇಷ್ಟು ರಿಫಂಡ್ ಬರಬೇಕು ಅಂತ ತೋರಿಸಿ, ತನ್ನ ಕೈಯಲ್ಲಿರುವ ಯಾವುದೋ ಪ್ರೀಪೇಯ್ಡ್ ಕಾರ್ಡಿನ ಅಕೌಂಟಿಗೆ ಹಾಕಿಸಿಕೊಂಡು ಹೋಗಿರುತ್ತಾನೆ. ನೀವು ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ನಿಧಾನವಾಗಿ ಕೂತು, ಎಲ್ಲ ಸರಿ ನೋಡಿ, ಸಬ್ಮಿಟ್ ಒತ್ತುತ್ತೀರಿ. ಸ್ವಲ್ಪ ಹೊತ್ತಿಗೆ ರಿಜೆಕ್ಟ್. ಆರ್0000-902 ಅನ್ನುವ ಕೋಡ್. ಅರ್ಥ ಇಷ್ಟೇ: ಈ ನಂಬರಿನಲ್ಲಿ ಈ ವರ್ಷದ ರಿಟರ್ನ್ ಆಗಲೇ ಬಂದಿದೆ.

ಅಲ್ಲಿಂದ ಮುಂದೆ ಕಾಗದದ ರಿಟರ್ನ್, ಜೊತೆಗೆ ಗುರುತು ಕಳವಾಗಿದೆ ಅಂತ ಹೇಳುವ ಫಾರ್ಮ್ 14039, ಆಮೇಲೆ ಕಾಯುವುದು. ತೆರಿಗೆದಾರರ ಪರವಾಗಿ ಐಆರ್‌ಎಸ್ ಒಳಗೇ ಕೆಲಸ ಮಾಡುವ ನ್ಯಾಷನಲ್ ಟ್ಯಾಕ್ಸ್‌ಪೇಯರ್ ಅಡ್ವೊಕೇಟ್ ಅನ್ನುವ ಅಧಿಕಾರಿ ಇದ್ದಾರೆ. ಇಂಥ ಕೇಸುಗಳು ಬಗೆಹರಿಯಲು ಸುಮಾರು 22 ತಿಂಗಳು ಹಿಡಿಯುತ್ತಿದೆ ಅಂತ ಅವರೇ 2024ರಲ್ಲಿ ಹೇಳಿದರು. ಹತ್ತಿರ ಹತ್ತಿರ ಎರಡು ವರ್ಷ. ಅಷ್ಟರಲ್ಲಿ ನಿಮಗೆ ಮನೆ ಸಾಲ ಬೇಕಾಗುತ್ತದೆ, ಮಗಳ ಕಾಲೇಜಿನ ಹಣಕಾಸಿನ ಅರ್ಜಿ ಬರುತ್ತದೆ, ಎಲ್ಲರೂ ಐಆರ್‌ಎಸ್ ಕೊಡುವ ರಿಟರ್ನ್‌ನ ಸಾರಾಂಶ, ಅಂದರೆ ಟ್ಯಾಕ್ಸ್ ಟ್ರಾನ್ಸ್‌ಕ್ರಿಪ್ಟ್, ಕೇಳುತ್ತಾರೆ.

ಇ-ಫೈಲ್ ಮಾಡುವಾಗ ಐಆರ್‌ಎಸ್ ಹಿಂದಿನ ವರ್ಷದ ಎಜಿಐ, ಅಂದರೆ ಕೆಲವು ಕಡಿತಗಳಾದ ಮೇಲಿನ ಒಟ್ಟು ಆದಾಯ, ಕೇಳುತ್ತದಲ್ಲ, ಅದು ಕಳ್ಳನಿಗೆ ಹೇಗೆ ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಒಳ್ಳೆ ಪ್ರಶ್ನೆ. ಮನೆಯಲ್ಲೇ ಸಾಫ್ಟ್‌ವೇರ್ ಇಟ್ಟುಕೊಂಡು ಮಾಡುವವರ ಸಹಿಗೆ ಐಆರ್‌ಎಸ್ ಅದನ್ನು ಕೇಳುತ್ತದೆ. ಆದರೆ ದುಡ್ಡು ಪಡೆದು ರಿಟರ್ನ್ ಮಾಡಿಕೊಡುವ ಪ್ರಿಪೇರರ್ ಮೂಲಕ ಹೋಗುವ ರಿಟರ್ನ್‌ಗೆ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳಿದರೂ ಆ ಅಂಕಿ ಕದಿಯಲಾರದ್ದೇನಲ್ಲ. ಐಪಿ ಪಿನ್ ಈಗ ಇಷ್ಟೊಂದು ಬಿಗಿಯಾಗಿ ಸಿಗುವುದಕ್ಕೆ ಕಾರಣವೂ ಈ ಕಥೆಯಲ್ಲೇ ಇದೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಿಂದಿನ ವರ್ಷಗಳ ರಿಟರ್ನ್‌ನ ಸಾರಾಂಶ ತೆಗೆದುಕೊಳ್ಳಲು ಐಆರ್‌ಎಸ್ ವೆಬ್‌ಸೈಟಿನಲ್ಲಿ ಗೆಟ್ ಟ್ರಾನ್ಸ್‌ಕ್ರಿಪ್ಟ್ ಅಂತ ಒಂದು ಸೌಲಭ್ಯ ಇತ್ತು, ಈಗಲೂ ಇದೆ. ಆಗ ಒಳಗೆ ಹೋಗಲು ನಾಲ್ಕಾರು ಪ್ರಶ್ನೆಗೆ ಉತ್ತರ ಹೇಳಿದರೆ ಸಾಕಿತ್ತು: ಹಿಂದೆ ಯಾವ ಬೀದಿಯಲ್ಲಿ ಇದ್ದಿರಿ, ಕಾರಿನ ಸಾಲ ಯಾರ ಹತ್ತಿರ, ಇಂಥವು. ನಿಮ್ಮ ಕ್ರೆಡಿಟ್ ರಿಪೋರ್ಟ್ ಕೈಯಲ್ಲಿರುವವನಿಗೆ ಇವು ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. 2015ರ ಮೇ ತಿಂಗಳಲ್ಲಿ, ಒಂದು ಲಕ್ಷದಷ್ಟು ಜನರ ಟ್ರಾನ್ಸ್‌ಕ್ರಿಪ್ಟ್ ಕಳ್ಳರ ಕೈಗೆ ಹೋಗಿದೆ ಅಂತ ಐಆರ್‌ಎಸ್ ಒಪ್ಪಿಕೊಂಡಿತು. ಅಗೆಯುತ್ತಾ ಹೋದಂತೆ 2016ರ ಹೊತ್ತಿಗೆ ಆ ಸಂಖ್ಯೆ 7 ಲಕ್ಷ ದಾಟಿತ್ತು. ಟ್ರಾನ್ಸ್‌ಕ್ರಿಪ್ಟ್ ಸಿಕ್ಕರೆ ಎಜಿಐ ಸಿಕ್ಕಂತೆಯೇ.

ಇನ್ನೂ ವಿಚಿತ್ರ ಮುಂದಿದೆ. ಐಪಿ ಪಿನ್ ಕಳೆದುಕೊಂಡವರು ಅದನ್ನು ಮತ್ತೆ ನೋಡಿಕೊಳ್ಳಲು ಇದ್ದ ಆನ್‌ಲೈನ್ ಬಾಗಿಲಿಗೂ ಅದೇ ಮಾದರಿಯ ಪ್ರಶ್ನೆಗಳೇ ಕಾವಲು. ಅಂದರೆ ಒಮ್ಮೆ ಕಳ್ಳತನಕ್ಕೆ ಸಿಕ್ಕಿ, ಇನ್ನು ಮುಂದೆ ಹಾಗಾಗದಿರಲಿ ಅಂತ ಪಿನ್ ಕೊಡಿಸಿಕೊಂಡವರ ಪಿನ್ನೂ ಕಳುವಾಯಿತು. 2016ರ ಮಾರ್ಚ್‌ನಲ್ಲಿ ಐಆರ್‌ಎಸ್ ಆ ಬಾಗಿಲನ್ನೇ ಮುಚ್ಚಿತು. ಕದ್ದ ಐಪಿ ಪಿನ್ ಹಾಕಿ ಕಳಿಸಿದ ಸುಮಾರು 800 ಸುಳ್ಳು ರಿಟರ್ನ್‌ಗಳನ್ನು ಹಿಡಿದಿದ್ದೇವೆ ಅಂತ ಆಗ ಹೇಳಿಕೊಂಡಿತು. ಇವತ್ತು ಐಆರ್‌ಎಸ್ ಅಕೌಂಟ್ ತೆರೆಯಲು ಹೋದರೆ ಐಡಿ.ಮಿ ಅನ್ನುವ ಕಂಪನಿ ನಿಮ್ಮ ಡ್ರೈವರ್ಸ್ ಲೈಸೆನ್ಸ್ ಕೇಳುತ್ತದೆ, ಸೆಲ್ಫಿ ಕೇಳುತ್ತದೆ, ಫೋನಿಗೆ ಕೋಡ್ ಕಳಿಸುತ್ತದೆ. ಜನ ನನ್ನ ಹತ್ತಿರ ಬಂದು ಗೊಣಗುತ್ತಾರೆ, ಇಷ್ಟೆಲ್ಲ ಯಾಕೆ ಅಂತ. ಈ 2015–16ರ ಕಥೆ ಹೇಳಿದ ಮೇಲೆ ಗೊಣಗುವುದು ಸ್ವಲ್ಪ ಕಡಿಮೆಯಾಗುತ್ತದೆ.

ಮುಖ ತೋರಿಸಲು ಇಷ್ಟವಿಲ್ಲ ಅನ್ನುವವರ ಮಾತಿನಲ್ಲೂ ಅರ್ಥವಿದೆ. ಖಾಸಗಿ ಕಂಪನಿಗೆ ಮುಖದ ಗುರುತು ಯಾಕೆ ಕೊಡಬೇಕು ಅಂತ 2022ರಲ್ಲಿ ಇಲ್ಲಿ ದೊಡ್ಡ ಗಲಾಟೆಯೇ ಆಯಿತು. ಅದರ ನಂತರ, ಸೆಲ್ಫಿ ಹೋಲಿಸುವ ಬದಲು ಒಬ್ಬ ಏಜೆಂಟ್ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡಿ ದೃಢಪಡಿಸಿಕೊಳ್ಳುವ ದಾರಿ ಇಟ್ಟರು. ಹೊತ್ತು ಹಿಡಿಯುತ್ತದೆ, ಆದರೆ ದಾರಿ ಇದೆ.

ಮೊದಮೊದಲು ಈ ಪಿನ್ ಕೇಳಿದವರಿಗೆ ಸಿಗುತ್ತಿರಲಿಲ್ಲ. 2011ರಲ್ಲಿ ಶುರುವಾದಾಗ, ಆಗಲೇ ಗುರುತು ಕಳವಾಗಿ ಪೆಟ್ಟು ತಿಂದವರಿಗೆ ಮಾತ್ರ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. 2014ರಲ್ಲಿ ಈ ಕಳ್ಳತನ ಅತಿ ಹೆಚ್ಚಿದ್ದ ಫ್ಲೋರಿಡಾ, ಜಾರ್ಜಿಯಾ, ವಾಷಿಂಗ್ಟನ್ ಡಿ.ಸಿ. ನಿವಾಸಿಗಳಿಗೆ ಪ್ರಯೋಗವಾಗಿ ಕೊಟ್ಟರು. ಆಮೇಲೆ ಒಂದೊಂದೇ ರಾಜ್ಯ ಸೇರಿಸುತ್ತಾ ಹೋಗಿ, 2021ರ ಜನವರಿಯಿಂದ ದೇಶದಲ್ಲಿ ಯಾರು ಬೇಕಾದರೂ ಪಡೆಯಬಹುದು ಅಂತ ಮಾಡಿದರು. ಎಸ್‌ಎಸ್‌ಎನ್ ಇರಲಿ, ಅದು ಸಿಗದವರಿಗೆ ಐಆರ್‌ಎಸ್ ಕೊಡುವ ಐಟಿಐಎನ್ ಇರಲಿ, ನಿಮ್ಮ ಗುರುತನ್ನು ರುಜುವಾತು ಮಾಡಿದರೆ ಆಯಿತು. ಅಷ್ಟಾದರೂ ನನ್ನ ಹತ್ತಿರ ಬರುವ ನಮ್ಮವರಲ್ಲಿ ಹೆಚ್ಚಿನವರು ಇದರ ಹೆಸರು ಕೇಳಿರುವುದಿಲ್ಲ. ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಹೇಗೆ ಬೆಂಗಳೂರಿನ ಟಿಕೆಟ್ ಆಗುತ್ತದೆ ಅಂತ ಮಾತ್ರ ಎಲ್ಲರಿಗೂ ಗೊತ್ತು!

ಪಡೆಯುವುದಕ್ಕೆ ಸುಲಭ ದಾರಿ ಐಆರ್‌ಎಸ್‌ನ ಆನ್‌ಲೈನ್ ಅಕೌಂಟ್. ಒಳಗೆ ಹೋದರೆ ಪ್ರೊಫೈಲ್ ಪುಟದಲ್ಲಿ ಐಪಿ ಪಿನ್ ವಿಭಾಗ ಇದೆ, ಅಲ್ಲೇ ಪರದೆಯ ಮೇಲೆ ಕಾಣುತ್ತದೆ. ಜನವರಿ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಇದು ತೆರೆದಿರುತ್ತದೆ. ಸೇರುವಾಗ ಎರಡು ಆಯ್ಕೆ ಕೊಡುತ್ತಾರೆ: ಈ ಒಂದು ವರ್ಷಕ್ಕೆ ಮಾತ್ರ, ಇಲ್ಲವೇ ಪ್ರತಿ ವರ್ಷ ಮುಂದುವರಿಯುವಂತೆ. ನಾನು ಎರಡನೆಯದನ್ನೇ ಹೇಳುತ್ತೇನೆ. ಬೇಡವೆನಿಸಿದರೆ ಮುಂದೆ ಹೊರಬರಬಹುದು. ಗುರುತು ಕಳವಾದದ್ದು ಖಚಿತವಾಗಿ ಐಆರ್‌ಎಸ್ ತಾನೇ ಸೇರಿಸಿದವರಿಗೆ ಮಾತ್ರ ಹೊರಬರುವ ಅವಕಾಶವಿಲ್ಲ.

ಆನ್‌ಲೈನ್‌ನಲ್ಲಿ ಆಗಲಿಲ್ಲವೆಂದರೆ ಫಾರ್ಮ್ 15227. ಅದಕ್ಕೆ ಆದಾಯದ ಮಿತಿ ಇದೆ, 2025ರಲ್ಲಿ ಅದು ಒಬ್ಬರಿಗೆ 84,000 ಡಾಲರ್, ಗಂಡ ಹೆಂಡತಿ ಒಟ್ಟಿಗೆ ಫೈಲ್ ಮಾಡುವವರಿಗೆ 1,68,000 ಇತ್ತು. ಫಾರ್ಮ್ ಹೋದ ಮೇಲೆ ಐಆರ್‌ಎಸ್‌ನವರು ಫೋನ್ ಮಾಡಿ ಗುರುತು ಕೇಳಿಕೊಂಡು, ಆಮೇಲೆ ಟಪಾಲಿನಲ್ಲಿ ಪಿನ್ ಕಳಿಸುತ್ತಾರೆ. ಮಿತಿ ದಾಟಿದವರಿಗೆ, ಕಂಪ್ಯೂಟರ್ ಸಹವಾಸವೇ ಬೇಡ ಅನ್ನುವವರಿಗೆ, ಐಆರ್‌ಎಸ್‌ನ ಟ್ಯಾಕ್ಸ್‌ಪೇಯರ್ ಅಸಿಸ್ಟೆನ್ಸ್ ಸೆಂಟರ್. ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ ಒಂದು, ಇನ್ನೊಂದು ದಾಖಲೆ ಹಿಡಿದು ಹೋಗಬೇಕು. ಪಿನ್ ಅಲ್ಲೇ ಕೈಗೆ ಕೊಡುವುದಿಲ್ಲ, ಸುಮಾರು ಮೂರು ವಾರದೊಳಗೆ ಟಪಾಲಿನಲ್ಲಿ ಬರುತ್ತದೆ.

ಈಗ ನಮ್ಮ ಮನೆಗಳ ವಿಷಯ. ಇದನ್ನು ಹೇಳಲೆಂದೇ ನಾನು ಇವತ್ತು ಒಪ್ಪಿಕೊಂಡು ಬಂದದ್ದು.

ನಮ್ಮಲ್ಲಿ ಟ್ಯಾಕ್ಸ್ ಅನ್ನುವುದು ಒಬ್ಬರ ಖಾತೆ. ಹೆಚ್ಚಾಗಿ ಯಜಮಾನರದು, ಕೆಲವು ಮನೆಗಳಲ್ಲಿ ಹೆಂಡತಿಯದು. ಇನ್ನೊಬ್ಬರು, ಸಹಿ ಎಲ್ಲಿ ಹಾಕಲಿ ಅಂತ ಕೇಳುವುದಕ್ಕೆ ಸೀಮಿತ. ಇಬ್ಬರ ಪಾಸ್‌ವರ್ಡೂ ಒಬ್ಬರ ಹತ್ತಿರ, ಇಬ್ಬರ ಬ್ಯಾಂಕ್ ಮೆಸೇಜೂ ಒಬ್ಬರ ಫೋನಿಗೆ. ಐಪಿ ಪಿನ್ ಈ ವ್ಯವಸ್ಥೆಗೆ ಒಗ್ಗುವುದಿಲ್ಲ. ಗಂಡ ತನ್ನ ಲೈಸೆನ್ಸು, ತನ್ನ ಮುಖ, ತನ್ನ ಫೋನು ಕೊಟ್ಟು ತೆಗೆದುಕೊಂಡ ಪಿನ್ ಗಂಡನ ಎಸ್‌ಎಸ್‌ಎನ್‌ಗೆ ಮಾತ್ರ. ಹೆಂಡತಿಗೆ ಬೇಕಾದರೆ ಆಕೆಯೇ ಕೂತು, ಆಕೆಯ ಹೆಸರಿನಲ್ಲಿ ಅಕೌಂಟ್ ತೆರೆಯಬೇಕು. ಬ್ಯಾಂಕಿನ ಲಾಕರಿನ ಹಾಗೆ ಮನೆಗೆಲ್ಲ ಒಂದೇ ಕೀಲಿ ನಡೆಯುವುದಿಲ್ಲ.

ಗಂಡ ಪಿನ್ ತೆಗೆದುಕೊಂಡು ಹೆಂಡತಿ ತೆಗೆದುಕೊಳ್ಳದಿದ್ದರೆ ಜಂಟಿ ರಿಟರ್ನ್ ನಿಲ್ಲುವುದಿಲ್ಲ, ಒಬ್ಬರ ಪಿನ್ ಹಾಕಿ ಕಳಿಸಬಹುದು. ಆದರೆ ಆಗ ಕಾವಲು ಅರ್ಧ. ಕಳ್ಳ ಆಕೆಯ ನಂಬರಿನಲ್ಲಿ, ಒಂಟಿ ಹೆಂಗಸು ಅಂತ ತೋರಿಸಿ ರಿಟರ್ನ್ ಹಾಕಿಬಿಟ್ಟರೆ ನಿಮ್ಮ ಜಂಟಿ ರಿಟರ್ನ್ ರಿಜೆಕ್ಟ್ ಆಗುತ್ತದೆ. ಯಜಮಾನರ ಪಿನ್ ಪಕ್ಕಾ ಇದ್ದೂ ಉಪಯೋಗವಿಲ್ಲ.

ಇದಕ್ಕಿಂತ ಹೆಚ್ಚಾಗಿ ನಾನು ನೋಡುವುದು ಇನ್ನೊಂದು ಬಗೆ. ಇಬ್ಬರೂ ಉತ್ಸಾಹದಿಂದ ಸೇರಿಕೊಂಡಿರುತ್ತಾರೆ. ಮಾರನೇ ವರ್ಷ ಏಪ್ರಿಲ್‌ನಲ್ಲಿ ಫೋನ್: "ಸಾರ್, ಹೋದ ವರ್ಷದ ಪಿನ್ನೇ ಹಾಕಿದೆವು, ರಿಜೆಕ್ಟ್ ಆಯ್ತು." ಹೊಸದು ಎಲ್ಲಿ ಅಂದರೆ, "ಲೆಟರ್ ಬರಲೇ ಇಲ್ಲವಲ್ಲ." ಬರುವುದಿಲ್ಲ. ಸಿಪಿ01ಎ ಅನ್ನುವ ಪತ್ರ ಡಿಸೆಂಬರ್–ಜನವರಿಯಲ್ಲಿ ಬರುವುದು ಕಳ್ಳತನಕ್ಕೆ ಸಿಕ್ಕವರಿಗೆ ಮತ್ತು ಫಾರ್ಮ್ ಮೂಲಕವೋ ಆಫೀಸಿಗೆ ಹೋಗಿಯೋ ಪಡೆದವರಿಗೆ. ಆನ್‌ಲೈನ್‌ನಲ್ಲಿ ಪಡೆದವರು ಪ್ರತಿ ಜನವರಿ ತಾವೇ ಒಳಗೆ ಹೋಗಿ ಹೊಸದನ್ನು ನೋಡಿಕೊಳ್ಳಬೇಕು. ಸರಿ, ಲಾಗಿನ್ ಮಾಡಿ ಅಂದರೆ ಯಜಮಾನರದು ಆಯಿತು. ಯಜಮಾನತಿಯದು? ಐಡಿ ಯಾವ ಇಮೇಲ್‌ನಲ್ಲಿ ಮಾಡಿದ್ದು, ಕೋಡ್ ಯಾವ ಫೋನಿಗೆ ಹೋಗುತ್ತದೆ, ಇಬ್ಬರಿಗೂ ನೆನಪಿಲ್ಲ. ಆಕೆ ಊರಿಗೆ ಹೋಗಿದ್ದರೆ ಮುಗಿಯಿತು, ಇಲ್ಲಿ ಸಂಜೆ ಆದಾಗ ಅಲ್ಲಿ ಬೆಳಗಿನ ಜಾವ, ಕೋಡ್ ಹತ್ತು ನಿಮಿಷದಲ್ಲಿ ಸತ್ತುಹೋಗುತ್ತದೆ. ಹೀಗಾಗಿ ನಾನು ಹೇಳುವುದು, ಸಂಕ್ರಾಂತಿಯ ಎಳ್ಳು ಬೀರಿದ ವಾರಾಂತ್ಯದಲ್ಲೇ ಇಬ್ಬರೂ ಅವರವರ ಫೋನಿನಲ್ಲಿ ಒಳಗೆ ಹೋಗಿ, ಆ ವರ್ಷದ ಆರು ಅಂಕಿ ಬರೆದಿಟ್ಟುಕೊಳ್ಳಿ. ಆ ಹೊತ್ತಿಗೆ ಬಾಗಿಲೂ ತೆರೆದಿರುತ್ತದೆ.

ಕೆಲಸದ ವೀಸಾದವರ ಗಂಡನಿಗೋ ಹೆಂಡತಿಗೋ ಸಿಗುವ ಎಚ್-4 ವೀಸಾದಲ್ಲಿ ಬಂದು ಐಟಿಐಎನ್ ಮೇಲೆ ಜಂಟಿ ರಿಟರ್ನ್‌ನಲ್ಲಿ ಸೇರಿರುವವರೂ ಐಪಿ ಪಿನ್ ಪಡೆಯಬಹುದು. ಮುಂದೆ ಕೆಲಸದ ಅನುಮತಿಯೋ ಗ್ರೀನ್ ಕಾರ್ಡೋ ಬಂದು ಎಸ್‌ಎಸ್‌ಎನ್ ಸಿಕ್ಕಿದ ಮೇಲೆ ಐಟಿಐಎನ್ ಬಳಸಬಾರದು. ಐಆರ್‌ಎಸ್‌ಗೆ ಪತ್ರ ಬರೆದು, ಈ ಎರಡು ನಂಬರೂ ಒಬ್ಬರದೇ, ದಾಖಲೆ ಸೇರಿಸಿ ಅಂತ ತಿಳಿಸಬೇಕು. ಇದನ್ನು ಮಾಡದೆ ಬಿಟ್ಟವರು ಬಹಳ ಜನ.

ಮಕ್ಕಳ ವಿಚಾರ. ಎಂಟು ವರ್ಷದ ಮಗುವಿನ ಎಸ್‌ಎಸ್‌ಎನ್ ಕಳ್ಳನಿಗೆ ಹಬ್ಬ, ಯಾಕೆಂದರೆ ಹತ್ತು ವರ್ಷ ಯಾರೂ ಅದನ್ನು ನೋಡುವುದಿಲ್ಲ. ಯಾರೋ ಗೊತ್ತಿಲ್ಲದವರು ನಿಮ್ಮ ಮಗುವನ್ನು ತಮ್ಮ ಡಿಪೆಂಡೆಂಟ್ (ಅವಲಂಬಿತ) ಅಂತ ತೋರಿಸಿ ಮೊದಲೇ ಫೈಲ್ ಮಾಡಿದರೆ, ಹಿಂದೆಲ್ಲ ನಿಮ್ಮ ಇ-ಫೈಲ್ ರಿಜೆಕ್ಟ್ ಆಗಿ ಕಾಗದದಲ್ಲಿ ಕಳಿಸಬೇಕಿತ್ತು. 2024ನೇ ತೆರಿಗೆ ವರ್ಷದ ರಿಟರ್ನ್‌ಗಳಿಂದ ಇದು ಬದಲಾಗಿದೆ: ರಿಟರ್ನ್‌ನಲ್ಲಿ ಮೊದಲ ಹೆಸರು ಯಾರದೋ ಅವರ ಐಪಿ ಪಿನ್ ಇದ್ದರೆ, ಆ ಮಗು ಬೇರೆ ರಿಟರ್ನ್‌ನಲ್ಲಿ ಬಂದಿದ್ದರೂ ಇ-ಫೈಲ್ ಒಪ್ಪಿಕೊಳ್ಳುತ್ತಾರೆ. ವಿಚ್ಛೇದನವಾದ ಅಪ್ಪ ಅಮ್ಮನ ನಡುವೆ ಮಗು ಯಾರ ಡಿಪೆಂಡೆಂಟ್ ಅನ್ನುವ ಜಗಳವನ್ನು ಇದು ತೀರ್ಮಾನಿಸುವುದಿಲ್ಲ, ಆ ವಿಚಾರಣೆ ಆಮೇಲೆ ಬೇರೆ ನಡೆಯುತ್ತದೆ. ನಿಮ್ಮ ರಿಟರ್ನ್ ಬಾಗಿಲಲ್ಲೇ ನಿಲ್ಲುವುದು ತಪ್ಪುತ್ತದೆ, ಅಷ್ಟೆ. ಮಗುವಿಗೇ ಪಿನ್ ಬೇಕೆಂದರೆ ಅಪ್ಪ ಅಮ್ಮ ಫಾರ್ಮ್ 15227 ಅಥವಾ ಆಫೀಸಿನ ದಾರಿ ಹಿಡಿಯಬೇಕು. ಮಗುವಿಗೆ ಪಿನ್ ಬಂತೆಂದರೆ ಇ-ಫೈಲ್ ಮಾಡುವಾಗ ಅದನ್ನೂ ಹಾಕಲೇಬೇಕು ಅನ್ನುವುದು ನೆನಪಿರಲಿ.

ಫೈಲ್ ಮಾಡುವಾಗಿನ ಗೊಂದಲ ಒಂದಿದೆ. ಇಲ್ಲಿ ಪಿನ್‌ಗಳು ಬೇಕಾದಷ್ಟಿವೆ. ಸಹಿಯ ಬದಲು ನೀವೇ ಆರಿಸಿಕೊಳ್ಳುವ ಪಿನ್ ಐದು ಅಂಕಿಯದು. ಪ್ರಿಪೇರರ್ ಕೊಡುವ ಫಾರ್ಮ್ 8879ರಲ್ಲಿ ಹಾಕುವುದೂ ಐದು ಅಂಕಿಯದು. ಐಪಿ ಪಿನ್ ಒಂದೇ ಆರು ಅಂಕಿಯದು, ಐಆರ್‌ಎಸ್ ಕೊಟ್ಟದ್ದು, ನೀವು ಆರಿಸಿಕೊಂಡದ್ದಲ್ಲ. ಸಾಫ್ಟ್‌ವೇರ್‌ನಲ್ಲಿ ಇದಕ್ಕೆ ಬೇರೆ ಜಾಗವಿದೆ, ಹುಡುಕಿ ಅಲ್ಲೇ ಹಾಕಿ. ಗಂಡನ ಪಿನ್ ಹೆಂಡತಿಯ ಸಾಲಿನಲ್ಲಿ ಹೋದರೂ ರಿಜೆಕ್ಟೇ. ಇನ್ನೊಂದು ಲಾಭ: ಮನೆಯಲ್ಲೇ ಫೈಲ್ ಮಾಡುವವರು ಐಪಿ ಪಿನ್ ಹಾಕಿದರೆ, ಹಿಂದಿನ ವರ್ಷದ ಎಜಿಐ ಹುಡುಕುವ ಕೆಲಸ ತಪ್ಪುತ್ತದೆ, ಅದರ ಬದಲಿಗೆ ಇದನ್ನೇ ಒಪ್ಪುತ್ತಾರೆ. ರಾಜ್ಯದ ರಿಟರ್ನ್‌ನಲ್ಲಿ ಇದನ್ನು ಹಾಕುವ ಹಾಗಿಲ್ಲ. ಕಾಗದದಲ್ಲಿ ಕಳಿಸುವವರು ಪಿನ್ ಬರೆಯದಿದ್ದರೆ ರಿಟರ್ನ್ ವಾಪಸ್ ಬರುವುದಿಲ್ಲ, ಆದರೆ ನೀವೇ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡುವವರೆಗೆ ರಿಫಂಡ್ ನಿಂತಿರುತ್ತದೆ.

ಈ ಪಿನ್‌ನಿಂದ ಆಗದ್ದನ್ನೂ ಹೇಳಿಬಿಡಬೇಕು. ನಿಮ್ಮ ಹೆಸರಿನಲ್ಲಿ ಯಾರಾದರೂ ಕ್ರೆಡಿಟ್ ಕಾರ್ಡ್ ತೆಗೆದರೆ ಇದು ತಡೆಯುವುದಿಲ್ಲ. ಅದಕ್ಕೆ ಈಕ್ವಿಫ್ಯಾಕ್ಸ್‌ನಂಥ ಮೂರು ಕ್ರೆಡಿಟ್ ಬ್ಯೂರೋಗಳಲ್ಲೂ ಕ್ರೆಡಿಟ್ ಫ್ರೀಜ್ ಮಾಡಿಸಬೇಕು, 2018ರಿಂದ ಅದು ದೇಶದಲ್ಲೆಲ್ಲ ಉಚಿತ. ನಿಮ್ಮ ನಂಬರ್ ತೋರಿಸಿ ಎಲ್ಲೋ ಕೆಲಸಕ್ಕೆ ಸೇರಿದವನ ಸಂಬಳ ನಿಮ್ಮ ಲೆಕ್ಕಕ್ಕೆ ಬಿದ್ದರೆ ಅದನ್ನೂ ತಡೆಯುವುದಿಲ್ಲ. ಇದು ಕಾಯುವುದು ನಿಮ್ಮ ಫೆಡರಲ್ ರಿಟರ್ನ್ ಒಂದನ್ನೇ.

ಪಿನ್ ಯಾರಿಗೆ ಹೇಳಬಹುದು? ನಿಮ್ಮ ರಿಟರ್ನ್ ಮಾಡುವ ಪ್ರಿಪೇರರ್‌ಗೆ, ಅದೂ ಎಲ್ಲ ಸರಿ ನೋಡಿ ಕಳಿಸುವ ಹೊತ್ತಿಗೆ. ಇನ್ಯಾರಿಗೂ ಇಲ್ಲ. ಐಆರ್‌ಎಸ್‌ನವರು ನಿಮ್ಮ ಐಪಿ ಪಿನ್ ಏನು ಅಂತ ಫೋನು, ಇಮೇಲು, ಟೆಕ್ಸ್ಟ್ ಯಾವುದರಲ್ಲೂ ಕೇಳುವುದಿಲ್ಲ. ಕೇಳಿದರೆ ಕಳ್ಳ. ಆ ಕಳ್ಳ ಎಲ್ಲಿಂದ ಮಾತಾಡುತ್ತಿರಬಹುದು ಅನ್ನುವುದೂ ನಮಗೆ ಗೊತ್ತಿರಬೇಕು: 2016ರ ಅಕ್ಟೋಬರ್‌ನಲ್ಲಿ ಮುಂಬಯಿ ಪಕ್ಕದ ಮೀರಾ ರೋಡ್‌ನಲ್ಲಿ ಪೊಲೀಸರು ನುಗ್ಗಿದ ಕಾಲ್ ಸೆಂಟರ್‌ಗಳಲ್ಲಿ ಹುಡುಗ ಹುಡುಗಿಯರು ಐಆರ್‌ಎಸ್ ಅಧಿಕಾರಿಗಳೆಂದು ಹೇಳಿಕೊಂಡು ಅಮೆರಿಕದವರನ್ನು ಹೆದರಿಸಿ ದುಡ್ಡು ಕೀಳುತ್ತಿದ್ದರು. ನಮ್ಮ ಭಾಷೆಯ ಧಾಟಿ ಕೇಳಿದ ಕೂಡಲೇ ನಮ್ಮವರು ಅಂತ ಕರಗಬೇಡಿ.

ಪ್ರಿಪೇರರ್ ಬಗ್ಗೆಯೂ ಒಂದು ಮಾತು, ನಾನೂ ಅದೇ ಕಸುಬಿನವನು. ದುಡ್ಡು ತೆಗೆದುಕೊಂಡು ರಿಟರ್ನ್ ಮಾಡುವವರು ಐಆರ್‌ಎಸ್ ಕೊಟ್ಟ ತಮ್ಮ ಪ್ರಿಪೇರರ್ ನಂಬರ್, ಅಂದರೆ ಪಿಟಿಐಎನ್, ಹಾಕಿ ಸಹಿ ಮಾಡಲೇಬೇಕು. ಮಾಡದಿದ್ದರೆ ಅಂಥವರಿಗೆ ಎಸ್‌ಎಸ್‌ಎನ್ನೂ ಬೇಡ, ಪಿನ್ನೂ ಬೇಡ. ಡಬ್ಲ್ಯೂ-2ರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುವವರು ಇಲ್ಲೂ ಇದ್ದೀರಿ, ನಗಬೇಡಿ. ಒಬ್ಬರು ಅದನ್ನು ಕುಟುಂಬದ ಗ್ರೂಪಿಗೆ ಹಾಕಿಬಿಟ್ಟರು. ಸಂಬಳ ನೋಡಿ ಊರಿನಲ್ಲಿ ಎಲ್ಲರಿಗೂ ಸಂತೋಷವಾಯಿತಂತೆ.

ಸಭಿಕರ ಪ್ರಶ್ನೆಗಳು

*ಎರಡು ವರ್ಷದ ಹಿಂದಿನ ರಿಟರ್ನ್ ಇನ್ನೂ ಹಾಕಿಲ್ಲ. ಅದಕ್ಕೆ ಆ ವರ್ಷದ ಪಿನ್ ಬೇಕಾ?*

ಬೇಡ. ಯಾವ ವರ್ಷದ ರಿಟರ್ನ್ ಆದರೂ, ಕಳಿಸುವ ವರ್ಷದ ಪಿನ್ನೇ. ಹಳೆಯ ಪಿನ್ ಜೋಪಾನ ಮಾಡಿ ಇಡಬೇಕಾಗಿಲ್ಲ.

*ನಾವು ಮುಂದಿನ ವರ್ಷ ಮೈಸೂರಿಗೆ ವಾಪಸ್ ಹೋಗುತ್ತಿದ್ದೇವೆ. ಆಮೇಲೂ ಇದರ ಗೊಡವೆ ಇರುತ್ತದಾ?*

ಇಲ್ಲಿಯ ಆದಾಯ ಏನಾದರೂ ಉಳಿದು ರಿಟರ್ನ್ ಹಾಕಬೇಕಾದರೆ ಇರುತ್ತದೆ. ಇಲ್ಲಿನ ನಿವಾಸಿಗಳಲ್ಲದವರು ಹಾಕುವ 1040-ಎನ್‌ಆರ್‌ಗೂ ಐಪಿ ಪಿನ್ ಅನ್ವಯಿಸುತ್ತದೆ. ಹೊರಡುವ ಮುಂಚೆ ಎರಡು ಕೆಲಸ ಮಾಡಿಕೊಳ್ಳಿ. ಐಡಿ.ಮಿ ಅಕೌಂಟಿನ ಕೋಡ್ ಅಮೆರಿಕದ ಫೋನ್ ನಂಬರಿಗೆ ಹೋಗುತ್ತಿದ್ದರೆ ಅದನ್ನು ಆಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿ, ಇಬ್ಬರದೂ. ಆ ನಂಬರ್ ಬಿಟ್ಟುಕೊಟ್ಟ ಮೇಲೆ ಮೈಸೂರಿನಲ್ಲಿ ಕೂತು ಒದ್ದಾಡಬೇಕಾಗುತ್ತದೆ. ಎರಡನೆಯದು, ನಿಮಗೆ ಪಿನ್ ಟಪಾಲಿನಲ್ಲಿ ಬರುತ್ತಿದ್ದರೆ ಫಾರ್ಮ್ 8822 ಕಳಿಸಿ ವಿಳಾಸ ಬದಲಿಸಿ. ಇಲ್ಲದಿದ್ದರೆ ನಿಮ್ಮ ಪಿನ್ ಇರುವ ಪತ್ರ ಹಳೆ ಅಪಾರ್ಟ್‌ಮೆಂಟಿನ ಹೊಸ ಬಾಡಿಗೆದಾರರ ಡಬ್ಬಿಗೆ ಬಂದು ಬೀಳುತ್ತದೆ.

*ಪಿನ್ ಕಳೆದುಹೋದರೆ ಮತ್ತೆ ಫಾರ್ಮ್ 15227 ಹಾಕಬಹುದಾ?*

ಆ ಫಾರ್ಮ್ ಹೊಸದಾಗಿ ಸೇರುವವರಿಗೆ. ಕಳೆದುಕೊಂಡವರು ಆನ್‌ಲೈನ್ ಅಕೌಂಟಿನಲ್ಲಿ ನೋಡಿಕೊಳ್ಳಬೇಕು. ಅದೂ ಆಗದಿದ್ದರೆ ಐಆರ್‌ಎಸ್‌ಗೆ ಫೋನ್ ಮಾಡಿ, ಗುರುತು ರುಜುವಾತು ಮಾಡಿದರೆ ಟಪಾಲಿನಲ್ಲಿ ಮತ್ತೆ ಕಳಿಸುತ್ತಾರೆ. ಅದಕ್ಕೆ ಮೂರು ವಾರ ಇಟ್ಟುಕೊಳ್ಳಿ.

*ಏಪ್ರಿಲ್ 15ರ ರಾತ್ರಿ ಕಳಿಸಿದೆವು, ಮನೆಯವರ ಪಿನ್ ತಪ್ಪಾಗಿ ರಿಜೆಕ್ಟ್ ಬಂತು. ಲೇಟ್ ಆದಂತೆಯೇನು?*

ಗಡುವಿನೊಳಗೆ ಕಳಿಸಿದ್ದು ರಿಜೆಕ್ಟ್ ಆದರೆ ಸರಿಪಡಿಸಿ ಮತ್ತೆ ಇ-ಫೈಲ್ ಮಾಡಲು ಐದು ದಿನ ಕೊಡುತ್ತಾರೆ, ಅಷ್ಟರೊಳಗೆ ಹೋದರೆ ಸಮಯಕ್ಕೇ ಹಾಕಿದಂತೆ. ಆ ಐದು ದಿನದಲ್ಲಿ ಮನೆಯವರ ಅಕೌಂಟ್ ತೆರೆದು ಸರಿಯಾದ ಪಿನ್ ನೋಡಿಕೊಳ್ಳಬೇಕು. ಪಿನ್ ಸಿಗುವುದೇ ಇಲ್ಲ ಅಂತ ಮೊದಲೇ ಗೊತ್ತಿದ್ದರೆ, ಏಪ್ರಿಲ್ 15ರೊಳಗೆ ಫಾರ್ಮ್ 4868 ಹಾಕಿ ಗಡುವು ಮುಂದಕ್ಕೆ ಹಾಕಿಸಿಕೊಳ್ಳಿ, ಅದಕ್ಕೆ ಐಪಿ ಪಿನ್ ಬೇಕಾಗುವುದಿಲ್ಲ. ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ. ಕಟ್ಟಬೇಕಾದ ತೆರಿಗೆ ಏನಾದರೂ ಇದ್ದರೆ ಅದನ್ನು ಮಾತ್ರ ಏಪ್ರಿಲ್ 15ಕ್ಕೇ ಕಟ್ಟಿರಬೇಕು.